ಹುಣಸೆಹಣ್ಣಿನ ಗಡಿಗೆಯಲ್ಲಿ ಸಿಕ್ಕ ಸರ

‘ಮಾಲ್ಗುಡಿ ಡೇಸ್’ ಅಂದ ಕೂಡಲೇ ಹೆಚ್ಚಿನವರಿಗೆ ಸ್ವಾಮಿ ನೆನಪಾಗುತ್ತಾನೆ. ನನಗೆ ಮಾತ್ರ ಸಿದ್ದ ನೆನಪಾಗುತ್ತಾನೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯ ಒಂದು ಹಳೆಯ ಸಂಗತಿಯನ್ನೂ ಹೇಳಬೇಕಾಗುತ್ತದೆ. ಹೇಳಿಬಿಡುತ್ತೇನೆ.

ನಮ್ಮೂರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಬಸ್ ಹತ್ತಿದರೆ ಹೆಚ್ಚುಕಮ್ಮಿ ಒಂದು ತಾಸಿನ ದಾರಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ನಮ್ಮ ಬಾಳೆಗೆ ಜಿಐ ಮಾನ್ಯತೆಯೂ ಸಿಕ್ಕಿದೆ. ಅಪ್ಪ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಬಂಡಿಯಲ್ಲಿ ಅದೇ ಹಣ್ಣು ಮಾರುತ್ತಾನೆ. ಬಸ್ ನಿಂತ ಕೂಡಲೇ ಬುಟ್ಟಿ ಹಿಡಿದು ಕಿಟಕಿ ಕಿಟಕಿಗೆ ಓಡಲು ಒಬ್ಬ ಹುಡುಗ ಬೇಕಾಗುತ್ತಿತ್ತು. ಆ ಹುಡುಗನ ಕಥೆಯೇ ಇದು.

ಅಪ್ಪನಿಗೆ ಮಾಲ್ಗುಡಿ ಅಂದರೆ ಬಹಳ ಪ್ರೀತಿ. 80ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಅದು ಬರುವಾಗ ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಅಂಗಳದ ತುಂಬ ಜನ ಕೂತು ನೋಡುತ್ತಿದ್ದರಂತೆ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ನಮ್ಮ ಶಂಕರ್ ನಾಗ್ ಆಗುಂಬೆಯಲ್ಲಿ ಹಿಂದಿಯಲ್ಲಿ ತೆಗೆದಿದ್ದರು. ಹಿಂದಿ ನಮ್ಮ ಕಡೆಯವರಿಗೆ ತೊಡಕಾಗಲಿಲ್ಲ, ಬಜಾರದಲ್ಲಿ ದಖ್ಖನಿ ಮಾತಾಡಿ ರೂಢಿ ಇತ್ತಲ್ಲ. ಇನ್ನೊಂದು ಮಾತು, ಟಿವಿ ನಮ್ಮ ಜಿಲ್ಲೆಗೆ ಹೊಸದೂ ಆಗಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ನಡೆದಾಗ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದ್ದರು. ಅದರಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೆಂಗಳೂರಿನ ದೂರದರ್ಶನ ಶುರುವಾಗಿದ್ದು 1981ರಲ್ಲಿ.

ನಾನು ಅಪ್ಪನ ಪಕ್ಕ ಕೂತು ಮಾಲ್ಗುಡಿ ನೋಡಿದ್ದು 2020ರ ಬ್ಯಾಸಗಿಯಲ್ಲಿ. ಆಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಒಂದು ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ. ದೇಶದ ಮೊದಲ ಕೊರೊನಾ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಯಿತು, ನಿಮಗೂ ನೆನಪಿರಬಹುದು. ನಾನು ಬ್ಯಾಗ್ ತಗೊಂಡು ಊರಿಗೆ ಬಂದೆ. ಬಸ್ ನಿಂತವು, ಅಪ್ಪನ ಬಂಡಿಯೂ ನಿಂತಿತು. ಹಣ್ಣು ಗೊನೆಯಲ್ಲೇ ಕೊಳೆಯಿತು. ಆ ದಿನಗಳಲ್ಲಿ ಜೀ ಕನ್ನಡದಲ್ಲಿ ಮಾಲ್ಗುಡಿ ಕನ್ನಡಕ್ಕೆ ಡಬ್ ಆಗಿ ಬಂತು. ಅಪ್ಪನಿಗೆ ಅಷ್ಟು ಸಾಲಲಿಲ್ಲ. ಉಳಿದದ್ದನ್ನು ರಾತ್ರಿ ಉಂಡ ಮೇಲೆ ನನ್ನ ಫೋನಿನಲ್ಲಿ ಹಿಂದಿಯಲ್ಲೇ ನೋಡುತ್ತಿದ್ದೆವು. ಫೋನನ್ನು ಒಂದು ತಂಬಿಗೆಗೆ ಆನಿಸಿ ಇಡುತ್ತಿದ್ದೆ.

ಹಾಗೆ ಒಂದು ರಾತ್ರಿ ‘ಲೀಲಾಳ ಗೆಳೆಯ’ ಬಂತು.

ಕಥೆ ಸಣ್ಣದು. ಕೆಲಸ ಕೇಳಿಕೊಂಡು ಸಿದ್ದ ಅನ್ನುವವನು ಒಂದು ಮನೆಗೆ ಬರುತ್ತಾನೆ. ಆ ಮನೆಯ ಐದು ವರ್ಷದ ಲೀಲಾ ಅವನನ್ನು ಬಹಳ ಹಚ್ಚಿಕೊಳ್ಳುತ್ತಾಳೆ. ಅವನು ಅವಳಿಗೆ ಚಂದ್ರನ ಕಥೆ ಹೇಳುತ್ತಾನೆ, ಅವಳು ಅವನಿಗೆ ಅಕ್ಷರ ಕಲಿಸಲು ಕೂಡುತ್ತಾಳೆ. ಒಂದು ದಿನ ಕೂಸಿನ ಕೊರಳಲ್ಲಿದ್ದ ಬಂಗಾರದ ಸರ ಕಾಣುವುದಿಲ್ಲ. ಎಲ್ಲರ ಕಣ್ಣು ಸಿದ್ದನ ಮೇಲೆ. ಅವನು ಮೊದಲೇ ಜೈಲು ಕಂಡವನು ಅಂತ ಪೊಲೀಸರಿಂದ ಗೊತ್ತಾಗುತ್ತದೆ. ಅಲ್ಲಿಗೆ ತೀರ್ಮಾನ ಆಗಿಬಿಡುತ್ತದೆ. ಕೆಲವು ದಿನ ಕಳೆದ ಮೇಲೆ ಲೀಲಾಳ ತಾಯಿ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಗಡಿಗೆಗೆ ಕೈ ಹಾಕಿದರೆ ಸರ ಅಲ್ಲೇ ಇರುತ್ತದೆ. ಕೂಸೇ ಅದರಲ್ಲಿ ಹಾಕಿ ಮರೆತಿತ್ತು.

ಅಪ್ಪ ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಫೋನ್ ಎತ್ತಿ ಚಾರ್ಜಿಗೆ ಹಚ್ಚಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

2011ರಲ್ಲಿ ನಾನು ಪಿಯುಸಿ. ಗೆಳೆಯರ ಕೈಯಲ್ಲಿ ಮೊಬೈಲ್ ಇತ್ತು, ನನಗೆ ಇರಲಿಲ್ಲ. ಅಪ್ಪ ಬಂಡಿಯ ಗಳಿಕೆಯನ್ನು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದ. ಒಂದು ಸಂಜೆ ಅದರಿಂದ 1400 ರೂಪಾಯಿ ತೆಗೆದೆ. ಎರಡು ವಾರ ಪುಸ್ತಕದೊಳಗೆ ಬಚ್ಚಿಟ್ಟು, ಆಮೇಲೆ ಕಲಬುರಗಿಗೆ ಹೋಗಿ ಸೂಪರ್ ಮಾರ್ಕೆಟ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮೊಬೈಲ್ ತಗೊಂಡೆ. ಗೆಳೆಯನ ಅಣ್ಣ ಹಳೆಯದು ಕೊಟ್ಟ ಅಂತ ಮನೆಯಲ್ಲಿ ಹೇಳಿದೆ.

ರೊಕ್ಕ ಕಡಿಮೆಯಾದದ್ದು ಅಪ್ಪನಿಗೆ ಮರುದಿನವೇ ತಿಳಿದಿತ್ತು. ಬಂಡಿಯ ಹುಡುಗ ಹತ್ತಿರದ ತಾಂಡಾದವನು. ನನಗಿಂತ ಎರಡು ವರ್ಷ ಸಣ್ಣವನು, ನನ್ನನ್ನು ಅಣ್ಣಾ ಅನ್ನುತ್ತಿದ್ದ. ಅಪ್ಪ ಬಜಾರದಲ್ಲಿ ಎಲ್ಲರ ಮುಂದೆ ಅವನ ಕಿಸೆ ತಡಕಿದ. ಏನೂ ಸಿಗಲಿಲ್ಲ. ಆದರೂ ಅವನನ್ನು ಬಿಡಿಸಿದ. ತಾಂಡಾದವರು ಹಿಂಗೇ ಅಂತ ಅಲ್ಲಿ ನಿಂತವರೂ ಅಂದರು. ನಾನು ಬಂಡಿಯ ಆ ಕಡೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಬ್ರಿಟಿಷರು 1871ರಲ್ಲಿ ಒಂದು ಕಾನೂನು ಮಾಡಿ ಹಲವು ಸಮುದಾಯಗಳ ಮೇಲೆ ಹುಟ್ಟಿನಿಂದಲೇ ಅಪರಾಧಿಗಳು ಅನ್ನುವ ಮುದ್ರೆ ಒತ್ತಿದ್ದರು ಅಂತ ಮುಂದೆ ಓದಿ ತಿಳಿದೆ. 1952ರಲ್ಲಿ ಆ ಕಾನೂನು ಹೋಯಿತು. ಊರಿನ ಬಾಯಿಂದ ಮಾತ್ರ ಇನ್ನೂ ಹೋಗಿಲ್ಲ. ಸಿದ್ದನಿಗೆ ಜೈಲಿನ ಹಳೆಯ ದಾಖಲೆಯಾದರೂ ಇತ್ತು. ಈ ಹುಡುಗನಿಗೆ ಇದ್ದದ್ದು ತಾಂಡಾದ ವಿಳಾಸ ಒಂದೇ.

ಆಮೇಲೆ ‘ಮಿಠಾಯಿವಾಲಾ’ ಮತ್ತೆ ನೋಡಿದೆವು. ಅನಂತ್ ನಾಗ್ ಜಗನ್ ಆಗಿದ್ದಾರೆ. ಚರಕದಲ್ಲಿ ನೂಲು ತೆಗೆಯುವ ಗಾಂಧಿವಾದಿ, ಮಿಠಾಯಿ ಅಂಗಡಿಯ ಮಾಲೀಕ. ಲೆಕ್ಕದ ಪುಸ್ತಕಕ್ಕೆ ಬಾರದ ರೊಕ್ಕವನ್ನು ಮನೆಯ ಅಟ್ಟದಲ್ಲಿ ಬಚ್ಚಿಡುತ್ತಾನೆ. ಅಮೆರಿಕಕ್ಕೆ ಹೋಗಲು ಮಗ ಮಾಲಿ ಅದೇ ರೊಕ್ಕಕ್ಕೆ ಕೈ ಹಾಕುತ್ತಾನೆ. ಗೊತ್ತಾದ ಮೇಲೂ ಜಗನ್ ಮಗನನ್ನು ಕಳ್ಳ ಅನ್ನುವುದಿಲ್ಲ. ಮಗ ವಿದೇಶಕ್ಕೆ ಹೋಗಿದ್ದಾನೆ ಅಂತ ಹೆಮ್ಮೆ ಪಡುತ್ತಾನೆ, ಅವನ ಕಾಗದಗಳನ್ನು ಕಂಡವರಿಗೆಲ್ಲ ಓದಿ ಹೇಳುತ್ತಾನೆ. ಅಪ್ಪ ಮಗ ನೇರವಾಗಿ ಮಾತಾಡುವುದೇ ಕಡಿಮೆ. ಮಾತು ಮುಟ್ಟಿಸಲು ನಡುವೆ ಒಬ್ಬ ಸಂಬಂಧಿಕ ಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅವ್ವನದು.

ಇದರ ಜೊತೆಗೆ ‘ಹಸಿರು ಕೋಟಿ’ನ ಕಥೆಯನ್ನೂ ಇಟ್ಟು ನೋಡಿ. ರಾಜು ಅನ್ನುವ ಕಿಸೆಗಳ್ಳ ಸಂತೆಯಲ್ಲಿ ಹಸಿರು ಕೋಟಿನವನ ಪರ್ಸ್ ಹಾರಿಸುತ್ತಾನೆ. ಬಿಚ್ಚಿ ನೋಡಿದರೆ ಅದರಲ್ಲಿ ಒಂದು ಬಲೂನು. ತಾಯಿ ಇಲ್ಲದ ಕೂಸಿಗಾಗಿ ಕೊಂಡದ್ದು. ರಾಜುವಿಗೆ ಸಂಕಟ ಆಗುತ್ತದೆ. ಪರ್ಸನ್ನು ವಾಪಸ್ ಕಿಸೆಗೆ ಇಡಲು ಹೋದಾಗ ಸಿಕ್ಕಿಬೀಳುತ್ತಾನೆ. ಕದಿಯುವಾಗ ಸಿಗದವನು ಮರಳಿಸುವಾಗ ಸಿಗುತ್ತಾನೆ.

ಸರ, ಅಟ್ಟದ ರೊಕ್ಕ, ಬಲೂನು. ಮೂರೂ ಬಚ್ಚಿಟ್ಟ ವಸ್ತುಗಳೇ. ಯಾರ ಒಳಗೆ ಏನಿದೆ ಅಂತ ಬಾಯಿ ಹೇಳದಿದ್ದಾಗ ಇಂಥ ಒಂದು ವಸ್ತು ಹೊರಗೆ ಬಂದು ಹೇಳುತ್ತದೆ. ಮೂವರು ಮನುಷ್ಯರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದೆ. ಸಿದ್ದ ಕದಿಯಲಿಲ್ಲ, ಅವನಿಗೆ ಶಿಕ್ಷೆ. ಮಾಲಿ ಕದ್ದ, ಅವನಿಗೆ ಅಪ್ಪನ ಹೆಮ್ಮೆ. ರಾಜು ಕದ್ದದ್ದನ್ನು ಮರಳಿಸಲು ಹೋದ, ಅವನಿಗೂ ಶಿಕ್ಷೆ. ಇವರಲ್ಲಿ ನಾನು ಮಾಲಿ. ಸಿದ್ದನನ್ನು ನಾನೇ ಮಾಡಿದ್ದೆ. ರಾಜು ಆಗುವ ಧೈರ್ಯ ಒಂಬತ್ತು ವರ್ಷವಾದರೂ ಬಂದಿರಲಿಲ್ಲ.

ಒಂದು ಮುಂಜಾನೆ ಅಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದಾಗ ಹೇಳಿಬಿಟ್ಟೆ. ಅಪ್ಪ ತಿರುಗಿಯೂ ನೋಡಲಿಲ್ಲ.

“ಫೋನ್ ನಿನ್ನ ಕೈಯಾಗ ನೋಡಿದ ದಿನಾನೇ ನಂಗ ಗೊತ್ತಾಗಿತ್ತು. ಅಷ್ಟೊತ್ತಿಗೆ ಅವನ್ನ ಬಿಡಿಸಿ ಹದಿನೈದು ದಿನ ಆಗಿತ್ತು. ಬಜಾರದಾಗ ಅವ್ನೇ ಕಳ್ಳ ಅಂದಿದ್ದೆ. ಅದೇ ಬಾಯಿಲೆ ನನ್ನ ಮಗ ಕಳ್ಳ ಅಂತ ಹ್ಯಾಂಗ ಹೇಳ್ಲಿ?”

ಲೀಲಾಳ ಅಪ್ಪನೂ ಹೀಗೇ. ಸರ ಸಿಕ್ಕಿತು ಅಂತ ಪೊಲೀಸರಿಗೆ ತಿಳಿಸಬೇಕು ಅಂತ ಮನೆಯಲ್ಲಿ ಮಾತಾಗುತ್ತದೆ. ಆದರೆ ಜೈಲು ಕಂಡವನನ್ನು ಹೇಗಿದ್ದರೂ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿರಲಿಲ್ಲ ಅಂತ ಅವನು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಸಿದ್ದನ ಮುಂದೆ ಹೋಗಿ ಯಾರೂ ನಿಲ್ಲುವುದಿಲ್ಲ.

ನಾವು ಹೋಗೋಣ ಅಂದದ್ದು ಅಪ್ಪನೇ. ಆ ಹುಡುಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಲಾಕ್‌ಡೌನಿನಲ್ಲಿ ಎಲ್ಲರಂತೆ ತಾಂಡಾಕ್ಕೆ ಮರಳಿದ್ದ, ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿ ಮನೆಗೆ ಬಂದಿದ್ದ. ಮದುವೆಯಾಗಿ ಒಂದು ಹೆಣ್ಣುಮಗು ಇದೆ. ಅಪ್ಪ ಒಂದು ಚೀಲ ಹಣ್ಣು ಒಯ್ದಿದ್ದ. ನಾನು 1400 ರೂಪಾಯಿಗೆ ಇನ್ನಷ್ಟು ಸೇರಿಸಿ ಒಂದು ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ. ಅಂಗಳದಲ್ಲಿ ಮಾಸ್ಕ್ ಹಾಕಿಕೊಂಡೇ ಕೂತೆವು. ತಪ್ಪಾಯಿತು ಅಂತ ಇಬ್ಬರೂ ಹೇಳಿದೆವು.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ, “ನಂಗ ಹೇಳಿದ್ರ ಏನಾಗ್ತದ ಕಾಕಾ? ನಾ ಕದ್ದಿಲ್ಲಂತ ನಂಗ ಮೊದ್ಲೇ ಗೊತ್ತದ. ಕಳ್ಳ ಅಂದಿದ್ದು ಬಜಾರದಾಗ. ಅಲ್ಲೇ ಹೇಳ್ರಿ.”

ಆ ಮಾತಿನ ನಂತರ ಊರಲ್ಲಿ ಯಾರೂ ತನಗೆ ಕೆಲಸ ಕೊಡಲಿಲ್ಲ ಅಂತ ಅವನು ಹೇಳಿದ. ಪುಣೆಗೆ ಹೋಗಿದ್ದೇ ಅದಕ್ಕೆ. ಹಣ್ಣನ್ನು ಮಗಳ ಕೈಗೆ ಕೊಟ್ಟ. ಲಕೋಟೆ ಮುಟ್ಟಲಿಲ್ಲ.

ಬಸ್ ಮತ್ತೆ ಶುರುವಾದ ಮೇಲೆ ಅಪ್ಪ ಬಂಡಿ ಹಚ್ಚಿದ. ಒಂದು ಮುಂಜಾನೆ ಚಹಾದ ಅಂಗಡಿಯ ಮುಂದೆ, ಅಕ್ಕಪಕ್ಕದ ಬಂಡಿಯವರೆಲ್ಲ ಇದ್ದಾಗ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆದದ್ದನ್ನು ಹೇಳಿದ. ಕೆಲವರು ನಕ್ಕರು. ಹಳೇ ಮಾತು ಈಗ್ಯಾಕ ಅಂದರು. ಅವತ್ತು ತಾಂಡಾದವರು ಹಿಂಗೇ ಅಂದಿದ್ದವರಲ್ಲಿ ಒಬ್ಬರು ಚಹಾ ಅರ್ಧಕ್ಕೇ ಇಟ್ಟು ಎದ್ದು ಹೋದರು. ಕೆಲಸ ಸಿಕ್ಕ ಕೂಡಲೇ ಅವನು ಪುಣೆಗೆ ಮರಳಿದ. ಅಪ್ಪ ಬಜಾರದಲ್ಲಿ ಹೇಳಿದ ಸುದ್ದಿಯನ್ನು ಫೋನ್ ಮಾಡಿ ತಿಳಿಸಿದೆ. “ಆಯ್ತಣ್ಣಾ” ಅಂದ. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಅವತ್ತು ಚಹಾದ ಅಂಗಡಿಯ ಮುಂದೆ ಇದ್ದವರು ಹತ್ತು ಹನ್ನೆರಡು ಜನ. 2011ರಲ್ಲಿ ಆ ಮಾತು ಕೇಳಿದವರು ಅದಕ್ಕಿಂತ ಬಹಳ ಜನ. ಕಮಲಾಪುರದವರು, ಸುತ್ತಲಿನ ತಾಂಡಾಗಳವರು ಈಗ ಫೋನಿನಲ್ಲೇ ಓದುತ್ತೀರಿ, ಅದಕ್ಕೆ ಇಲ್ಲಿ ಬರೆದಿದ್ದೇನೆ. ಅವನ ಹೆಸರು ಬೇಡ ಅಂತ ಅವನೇ ಹೇಳಿದ್ದಾನೆ. ಯಾರು ಅಂತ ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಬಾಳೆಹಣ್ಣಿನ ಬಂಡಿಯ ಡಬ್ಬಿಯಿಂದ ರೊಕ್ಕ ತೆಗೆದವನು ನಾನು. ಅವನು ತೆಗೆದಿರಲಿಲ್ಲ.