ಗೇಟು ಬಿದ್ದ ಮೇಲೆ ಸಿಗ್ನಲ್

ದಿವಾ ಸ್ಟೇಷನ್ನಿನ ರೈಲ್ವೆ ಗೇಟು ಆ ಲೈನಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ರಿಕ್ಷಾ, ಟೆಂಪೊ, ಬೈಕುಗಳು ಹಳಿ ದಾಟುತ್ತಲೇ ಇದ್ದರೆ ಗೇಟು ಹಾಕಲಾಗುತ್ತಿರಲಿಲ್ಲ. ಗೇಟು ಬಿದ್ದು ಬೀಗವಾಗದೆ ಸಿಗ್ನಲ್ ಬೀಳುತ್ತಿರಲಿಲ್ಲ. ಹಿಂದೆ ಲೋಕಲ್ ನಿಂತು ಹಾರ್ನ್ ಹೊಡೆಯುತ್ತಿತ್ತು. ಇಲ್ಲಿಗೆ ಬಾಡಿಗೆಗೆ ಬಂದ ಹೊಸದರಲ್ಲಿ, ‘ಗಾಡಿಯ ಹೊತ್ತಾಯಿತಲ್ಲ, ಬಿಡಬಾರದೇ?’ ಎಂದು ಬೈದವರಲ್ಲಿ ನಾನೂ ಒಬ್ಬ.

ಆಗ ನನ್ನ ಕೆಲಸ ನವಿ ಮುಂಬೈಯಲ್ಲಿ, ಗೋದಾಮಿನ ದಾಸ್ತಾನು ನೋಡಿಕೊಳ್ಳುವ ಜಾವಾ ಸಾಫ್ಟ್‌ವೇರಿನ ಮೇಲೆ. ಅದು ಒಎಸ್‌ಜಿಐ ಎಂಬ ಪದ್ಧತಿಯಲ್ಲಿ ಕಟ್ಟಿದ್ದು. ದೊಡ್ಡ ಪ್ರೋಗ್ರಾಮನ್ನು ಬಂಡಲ್‌ಗಳೆಂಬ ತುಂಡುಗಳಾಗಿ ಮಾಡಿ, ಒಂದು ತುಂಡು ಇನ್ನೊಂದಕ್ಕೆ ‘ಸರ್ವಿಸ್’ ಒದಗಿಸುವ ಏರ್ಪಾಡು. ಎಕ್ಲಿಪ್ಸ್ ಬಳಸಿದ್ದರೆ ನೀವೂ ಅದನ್ನು ಗೊತ್ತಿಲ್ಲದೆ ಬಳಸಿದ್ದೀರಿ, 2004ರ 3.0 ಆವೃತ್ತಿಯಿಂದ ಎಕ್ಲಿಪ್ಸ್ ನಿಂತಿರುವುದು ಇದರ ಮೇಲೆಯೇ.

ನಮ್ಮಲ್ಲಿ ಡೇಟಾಬೇಸ್ ಬಂಡಲ್ ಮೊದಲು ಏಳಬೇಕು, ದಾಸ್ತಾನಿನದು ಆಮೇಲೆ. ಅದಕ್ಕೆ ‘ಸ್ಟಾರ್ಟ್ ಲೆವೆಲ್’ ಎಂಬ ಸಂಖ್ಯೆ ಕೊಡಬಹುದು. ಚಿಕ್ಕ ಸಂಖ್ಯೆಯದು ಮೊದಲು. ಕೊಟ್ಟೆ. ಆದರೂ ಕೆಲವೊಮ್ಮೆ ಎಡವುತ್ತಿತ್ತು. ಡೇಟಾಬೇಸ್ ಬಂಡಲ್ ‘ಶುರುವಾದೆ’ ಎಂದು ಹೇಳಿ, ನಿಜವಾದ ಸಂಪರ್ಕವನ್ನು ಹಿನ್ನೆಲೆಯಲ್ಲಿ ನಿಧಾನಕ್ಕೆ ತೆರೆಯುತ್ತಿತ್ತು. ಶುರುವಾಗುವುದು ಬೇರೆ, ಸಿದ್ಧವಾಗುವುದು ಬೇರೆ. ನಾನು ಅದನ್ನು ಯೋಚಿಸದೆ ದಾಸ್ತಾನಿನ ಕೋಡಿನಲ್ಲಿ ಒಂದು ಸಾಲು ಸೇರಿಸಿದೆ: 30 ಸೆಕೆಂಡ್ ಕಾಯಿ. ಒಂದು ವರ್ಷ ಸರಿಯಾಗಿಯೇ ನಡೆಯಿತು.

ಒಂದು ರಾತ್ರಿ ಪಾಳಿಯಲ್ಲಿದ್ದ ಹುಡುಗಿ ಸರ್ವರ್ ಮತ್ತೆ ಶುರು ಮಾಡಿದಳು. ಅಂದು ಡೇಟಾಬೇಸ್ ಏಳಲು 30 ಸೆಕೆಂಡ್ ಸಾಲಲಿಲ್ಲ. ದಾಸ್ತಾನಿನ ಬಂಡಲ್ ಖಾಲಿ ಪಟ್ಟಿಯನ್ನೇ ನಿಜವೆಂದು ಇಟ್ಟುಕೊಂಡು, ಬೆಳಗಿನವರೆಗೆ ಬಂದ ಆರ್ಡರಿಗೆಲ್ಲ ‘ಮಾಲಿಲ್ಲ’ ಎಂದಿತು. ಗೋದಾಮು ತುಂಬ ಮಾಲಿತ್ತು.

‘ರೀಸ್ಟಾರ್ಟ್ ಸರಿಯಾಗಿ ಮಾಡಿಲ್ಲ’ ಎಂದು ಬೆಳಗಿನ ಮೀಟಿಂಗಿನಲ್ಲಿ ಅವಳ ಮೇಲೆ ಬಿತ್ತು. ಲಾಗ್ ನೋಡಿದ ಕೂಡಲೇ ನನ್ನ ಸಾಲು ನನಗೆ ಕಂಡಿತ್ತು. ಸಂಜೆಯವರೆಗೆ ಬಾಯಿ ಬಿಡಲಿಲ್ಲ. ಕೊನೆಗೆ ಅವಳ ಮೇಜಿನ ಬಳಿ ಹೋಗಿ ಹೇಳಿದಾಗ ಅವಳು ಕೂಗಾಡಲಿಲ್ಲ. ‘ಸರ್, ಆ ಮೂವತ್ತು ಸೆಕೆಂಡಿನ ವಿಷಯ ಎಲ್ಲೂ ಬರೆದಿರಲಿಲ್ಲವಲ್ಲ’ ಎಂದಳು, ಅಷ್ಟೇ. ಮರುದಿನ ಮೀಟಿಂಗಿನಲ್ಲಿ ಎಲ್ಲರೆದುರು ತಪ್ಪು ನನ್ನದೆಂದೆ. ಒಂದು ದಿನ ತಡವಾಗಿಯೇ.

ಅವಳ ಮಾತೇ ಪರಿಹಾರವೂ ಆಗಿತ್ತು. ಒಎಸ್‌ಜಿಐಯಲ್ಲಿ ‘ಡಿಕ್ಲರೇಟಿವ್ ಸರ್ವಿಸಸ್’ ಎಂಬುದಿದೆ. ನನಗೆ ಯಾವ ಸರ್ವಿಸ್ ಬೇಕು ಎಂದು ಕಾಂಪೊನೆಂಟ್ ‘ರೆಫರೆನ್ಸ್’ ಹಾಕಿ ಬರೆದುಕೊಡುತ್ತದೆ. ಅದು ಸಿಗುವವರೆಗೆ ಎಚ್ಚರವಾಗುವುದೇ ಇಲ್ಲ. ಸಂಪರ್ಕ ತೆರೆದ ಮೇಲಷ್ಟೇ ಡೇಟಾಬೇಸ್ ತನ್ನ ಸರ್ವಿಸನ್ನು ನೋಂದಾಯಿಸುವಂತೆ ಮಾಡಿ, 30 ಸೆಕೆಂಡಿನ ಸಾಲು ಅಳಿಸಿದೆವು. ಡೇಟಾಬೇಸ್ ಸರ್ವಿಸ್ ನಡುವೆ ಹೋದರೆ ದಾಸ್ತಾನೂ ತಾನಾಗಿ ನಿಲ್ಲುತ್ತದೆ, ಬಂದರೆ ಏಳುತ್ತದೆ. ಸ್ಟಾರ್ಟ್ ಲೆವೆಲ್‌ಗೆ ಇದು ಆಗದು. ಅದು ನೋಡಿಕೊಳ್ಳುವುದು ಏಳುವ ಸರದಿಯನ್ನು ಮಾತ್ರ.

ಹಾಗೆಂದು ಎಲ್ಲವನ್ನೂ ‘ಬೇಕೇ ಬೇಕು’ ಎಂದು ಬರೆದರೂ ಕಷ್ಟ. ಇದು ಆ ಹಾಗೆ ಅದು ಇದನ್ನು ಬೇಕೆಂದು ಕೂತರೆ ಎರಡೂ ಏಳುವುದಿಲ್ಲ. 2015ರ ಜನವರಿ 2ರಂದು ಒಂದು ಪ್ಯಾಂಟೊಗ್ರಾಫ್ ಕೆಟ್ಟು ಲೋಕಲ್‌ಗಳು ನಿಂತದ್ದೇ, ದಿವಾದಲ್ಲಿ ಜನ ರೊಚ್ಚಿಗೆದ್ದು ಹಳಿಗಿಳಿದಿದ್ದರು. ಒಂದು ಕೆಟ್ಟರೆ ಏನೇನು ನಿಲ್ಲಬೇಕು ಎಂಬುದನ್ನು ಮೊದಲೇ ಯೋಚಿಸಬೇಕು. ಮೇಲ್ ಕಳಿಸುವ ಸರ್ವಿಸ್ ಇಲ್ಲದಿದ್ದರೆ ಆರ್ಡರ್ ನಿಲ್ಲಬೇಕಿಲ್ಲ. ಅದನ್ನು ‘ಇದ್ದರೆ ಸರಿ’ ಎಂದು ಬರೆದೆವು.

ಆ ವಾರ ದಿವಾದ ಹೊರಗೆ ಲೋಕಲ್ ಮತ್ತೆ ನಿಂತಿತು. ಪಕ್ಕದವರು ಗೇಟ್‌ಮನ್‌ಗೆ ಬೈಯುತ್ತಿದ್ದರು. ನಾನು ಸುಮ್ಮನಿದ್ದೆ. ‘ಇಷ್ಟು ಹೊತ್ತಿಗೆ ಗೇಟು ಬಿದ್ದಿರಬಹುದು’ ಎಂದು ಅಲ್ಲಿ ಯಾರೂ ಗಾಡಿ ಬಿಡುತ್ತಿರಲಿಲ್ಲ. ನಾನು ಒಂದು ವರ್ಷ ಬಿಟ್ಟಿದ್ದೆ.