ಕೊಹಿಮಾದ ಟೆನ್ನಿಸ್ ಅಂಗಣ

ಎರಡನೆಯ ಮಹಾಯುದ್ಧದ ಗತಿಯನ್ನು ತಿರುಗಿಸಿದ ಕದನಗಳಾವುವೆಂದರೆ ಮಿಡ್‌ವೇ, ಎಲ್ ಅಲಮೇನ್, ಸ್ಟಾಲಿನ್‌ಗ್ರಾಡ್ ಎಂದು ನಾವೆಲ್ಲರೂ ಪಾಠವೊಪ್ಪಿಸುತ್ತೇವೆ. ನಮ್ಮ ದೇಶದ ನೆಲದಲ್ಲಿಯೇ ನಡೆದ ಕೊಹಿಮಾದ ಹೆಸರು ನಾಲಗೆಗೆ ಬರುವುದು ಅಪೂರ್ವ.

1944ನೆಯ ಏಪ್ರಿಲ್ ತಿಂಗಳ ಮೊದಲಲ್ಲಿ ಜಪಾನೀಯರು ನಾಗಾ ಬೆಟ್ಟಗಳಲ್ಲಿಯ ಆ ಊರನ್ನು ಮುತ್ತಿದರು. ಡೆಪ್ಯುಟಿ ಕಮಿಶನರರ ಬಂಗಲೆಯ ಟೆನ್ನಿಸ್ ಅಂಗಣದ ಎರಡು ಬದಿಗಳಲ್ಲಿ ಉಭಯಪಕ್ಷದವರೂ ಕಂದಕ ತೋಡಿ ಕುಳಿತರು. ಆಟದಂಗಣದ ಅಳತೆ ನಮಗೆ ಗೊತ್ತು. ಈ ಬದಿಯಲ್ಲಿ ನಿಂತು ಆ ಬದಿಯವರೊಡನೆ ಕೂಗದೆಯೇ ಮಾತಾಡಬಹುದು. ಒಳಗಿದ್ದವರಿಗೆ ನೀರನ್ನು ಸಹ ವಿಮಾನಗಳಿಂದ ಇಳಿಸಬೇಕಾಯಿತು. ಮುತ್ತಿದವರ ಪಾಡಾದರೋ? ಸುಮಾರು ಮೂರು ವಾರಗಳ ಬುತ್ತಿಯೊಡನೆ ಹೊರಟು ಬಂದವರು. ಶತ್ರುವಿನ ಉಗ್ರಾಣಗಳು ಕೈವಶವಾದಾವೆಂಬ ನಂಬಿಕೆ! ಅವು ವಶವಾಗಲಿಲ್ಲ. ಮಳೆಗಾಲ ಬಂದಿತು. ಅನ್ನವಿಲ್ಲದೆ ಸೇನಾನಿ ಸಾತೋ ಮೇಲಧಿಕಾರಿಯ ಆಜ್ಞೆಯನ್ನು ಮೀರಿ ಹಿಮ್ಮೆಟ್ಟಿದನು. ಜೂನ್ 22ರಂದು ಇಂಫಾಲದ ದಾರಿ ತೆರೆಯಿತು. ಮಿತ್ರಪಕ್ಷದವರು ಬರ್ಮಾದೊಳಕ್ಕೆ ಮುಂದೊತ್ತಿದುದು ಆ ಬಳಿಕ. ಹಿಂದಿರುಗಿದ ಜಪಾನೀಯರಲ್ಲಿ ಅಸಂಖ್ಯಾತರು ಹಸಿವೆ ರೋಗಗಳಿಗೆ ಬಲಿಯಾದರು.

ಇದನ್ನು ಬರಿದೆ ಜಯವೆಂದು ಬರೆಯಲು ನಮ್ಮ ಲೇಖನಿ ತಡೆಯುತ್ತದೆ. ಇಂಫಾಲದ ರಣದಲ್ಲಿ ಬ್ರಿಟಿಷರ ಸೈನ್ಯದಲ್ಲಿಯೂ ಭಾರತೀಯರು, ಎದುರಿಗೆ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಲ್ಲಿಯೂ ಭಾರತೀಯರು. ಯಾವ ತಾಯಿಯ ಕಣ್ಣೀರನ್ನು ನಾವು ಪರಕೀಯವೆನ್ನೋಣ? ಸುಟ್ಟುಹೋದುವಾದರೋ, ಯುದ್ಧವನ್ನು ಹೂಡದ ನಾಗಾ ಜನರ ಮನೆಗಳು.

ಕೊಹಿಮಾದ ಯುದ್ಧಸ್ಮಶಾನದಲ್ಲಿ 1,420 ಸಮಾಧಿಗಳಿವೆ. ದಹನಸಂಸ್ಕಾರ ಹೊಂದಿದ 917 ಹಿಂದೂ ಸಿಖ್ ಯೋಧರ ಹೆಸರುಗಳು ಬೇರೊಂದು ಸ್ಮಾರಕದಲ್ಲಿವೆ. ಟೆನ್ನಿಸ್ ಅಂಗಣದ ಗೆರೆಗಳನ್ನು ಅಲ್ಲಿಯೇ ಉಳಿಸಿದ್ದಾರೆ.