ನಾಯಿ ಕಚ್ಚಿದ್ದು ಕಾಲಿಗೆ, ಕಾಯಿಲೆ ತಲೆಗೆ ಯಾಕೆ?

ಸುದ್ದಿಗೆಂದು ಹಳ್ಳಿ ಸುತ್ತುವ ನಮಗೆ ಪದೇ ಪದೇ ಕಿವಿಗೆ ಬೀಳುವ ಮಾತು: ‘ಗಾಯ ಒಣಗೇತ್ರಿ, ಇನ್ನ ಇಂಜೆಕ್ಷನ್ ಯಾಕ?’ ‘ಹುಚ್ಚುನಾಯಿ ಕಡಿತ, ಐವರಿಗೆ ಗಾಯ’ ಎಂದು ನಾವು ನಾಲ್ಕು ಸಾಲು ಕಳಿಸುತ್ತೇವೆ. ಗಾಯ ಒಣಗಿದ ಮೇಲೆ ಒಳಗೇನು ನಡೆಯುತ್ತದೆ ಎಂದು ಬರೆಯಲು ಪೇಪರಿನಲ್ಲಿ ಜಾಗ ಸಿಗುವುದಿಲ್ಲ. ಇಲ್ಲಿ ಸಿಕ್ಕಿದೆ.

ವೈರಸ್ಸುಗಳು ಮೈಯಲ್ಲಿ ಸಿಕ್ಕಸಿಕ್ಕಲ್ಲಿ ಕೂರುವುದಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ವೈರಸ್‌ಗೆ ಲಿವರ್ ಬೇಕು, ಫ್ಲೂ ವೈರಸ್‌ಗೆ ಮೂಗು, ಗಂಟಲು, ಶ್ವಾಸಕೋಶ. ಜೀವಕೋಶದ ಒಳಗೆ ಹೋಗಬೇಕಾದರೆ ಅದರ ಮೈಮೇಲೆ ವೈರಸ್ ಹಿಡಿದುಕೊಳ್ಳಲು ತಕ್ಕ ಹಿಡಿಕೆ ಇರಬೇಕು. ಡಾಕ್ಟರುಗಳು ಅದಕ್ಕೆ ರಿಸೆಪ್ಟರ್ ಅನ್ನುತ್ತಾರೆ. ಆ ಹಿಡಿಕೆ ಎಲ್ಲ ಕೋಶಗಳಲ್ಲೂ ಇರುವುದಿಲ್ಲ. ಒಳಹೊಕ್ಕ ಮೇಲೆ ಅಲ್ಲಿ ಬೆಳೆಯಲು ಅನುಕೂಲವೂ ಇರಬೇಕು ಅನ್ನಿ.

ರೇಬಿಸ್ ವೈರಸ್‌ಗೆ ಬೇಕಾದದ್ದು ನರ. ನಾಯಿಯ ಜೊಲ್ಲಿನಿಂದ ಕಾಲಿನ ಮಾಂಸಕ್ಕೆ ಇಳಿದ ವೈರಸ್‌ಗೆ ಮಾಂಸ ಮತ್ತು ನರ ಕೂಡುವ ಕಡೆ ಹಿಡಿಕೆ ಸಿಗುತ್ತದೆ. ನರ ಹೊಕ್ಕಿತೆಂದರೆ ಬೆನ್ನುಹುರಿ ಹಿಡಿದು ಮೆದುಳಿಗೆ ಏರುತ್ತದೆ. ಅದು ರಕ್ತದಲ್ಲಿ ಹರಿದು ಹೋಗುವುದಲ್ಲ. ಹಾಗಾಗಿ ‘ರಕ್ತ ಟೆಸ್ಟ್ ನಾರ್ಮಲ್’ ಅಂದರೆ ಧೈರ್ಯ ತಗೊಳ್ಳುವಂತಿಲ್ಲ. ಒಣಗಿದ್ದು ಚರ್ಮ ಮಾತ್ರ. ಮೆದುಳು ಸೇರಿದ ವೈರಸ್ ಮತ್ತೆ ನರಗಳಲ್ಲೇ ಇಳಿದು ಜೊಲ್ಲಿನ ಗ್ರಂಥಿಗೆ ಬರುತ್ತದೆ. ಅತ್ತ ನಾಯಿಯ ತಲೆ ಕೆಡಿಸಿ ಕಚ್ಚಿಸುವುದು, ಇತ್ತ ಜೊಲ್ಲಿನಲ್ಲಿ ಕಾದು ಕೂರುವುದು. ಎಂಥಾ ಲೆಕ್ಕಾಚಾರ ನೋಡಿ!

ಲಕ್ಷಣ ಕಾಣಿಸಲು ಸಾಮಾನ್ಯವಾಗಿ 2-3 ತಿಂಗಳು ಬೇಕು. ವಾರವೇ ಸಾಕಾಗಬಹುದು, ವರ್ಷವೂ ಹಿಡಿಯಬಹುದು. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ; ಚಿಕ್ಕ ಮಕ್ಕಳಿಗೆ ಎಷ್ಟೋ ಸಲ ನಾಯಿ ಬಾಯಿ ಹಾಕುವುದೇ ಅಲ್ಲಿಗೆ. ಲಕ್ಷಣ ಶುರುವಾದ ಮೇಲೆ ಬದುಕಿದವರು ಬೆರಳೆಣಿಕೆಯಷ್ಟು. ವೈರಸ್ ದಾರಿಯಲ್ಲಿರುವ ದಿನಗಳಷ್ಟೇ ನಮ್ಮ ಕೈಯಲ್ಲಿರುವುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ 9 ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದ್ದೂ ನಾಯಿ ಕಚ್ಚಿದ ಮೇಲೆಯೇ. ಹುಡುಗ ಬದುಕಿದ.

ಕಚ್ಚಿದ ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ ಬೇಡ. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಹಾಕುವ ಇಮ್ಯುನೋಗ್ಲೋಬ್ಯುಲಿನ್ ಕೇಳಿ. ಲಸಿಕೆಯಿಂದ ಮೈಗೆ ಶಕ್ತಿ ಬರಲು ಕೆಲವು ದಿನ ಹಿಡಿಯುತ್ತದೆ, ಅಲ್ಲಿಯತನಕ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಇದು.

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡುವ ಲಸಿಕೆ 0, 3, 7 ಮತ್ತು 28ನೇ ದಿನ. ನಾವು ಕಂಡಂತೆ ಜನ ಬಿಡುವುದು ಕೊನೆಯದನ್ನು. ಕೂಲಿ ತಪ್ಪುತ್ತದೆ, ಬಸ್ಸಿರುವುದಿಲ್ಲ, ಗಾಯವೂ ಕಾಣುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಕಚ್ಚಿದ್ದರೆ ಆ ಚೀಟಿ ತೆಗೆದು ತಾರೀಕು ನೋಡಿ.